ಆಂಟಿಬಯೋಟಿಕ್ ಕೋರ್ಸ್ ಆದ್ಮೇಲೆ ಪ್ರೊಬಯೋಟಿಕ್ ಮಾತ್ರೆ ತಗೊಂಡ್ರೆ ಇಮ್ಯುನಿಟಿ ಜಾಸ್ತಿ ಆಗುತ್ತಾ?

ಪ್ರೊಬಯೋಟಿಕ್ ಅಂದ್ರೆ ಜೀವಂತ "ಒಳ್ಳೆ" ಬ್ಯಾಕ್ಟೀರಿಯಾ ತುಂಬಿರೋ ಮಾತ್ರೆ. ಬರೀ ಇಮ್ಯುನಿಟಿಗೆ ಅಂತಾದ್ರೆ ಬೇಡ, ನಾನಂತೂ ತಗೊಳ್ಳಲ್ಲ. ಆಂಟಿಬಯೋಟಿಕ್ ನುಂಗುವಾಗ ಆಗೋ ಭೇದಿ ತಡೆಯೋಕೆ ಕೆಲವರಿಗೆ ಉಪಯೋಗ ಆಗುತ್ತೆ, ಅದು ಬೇರೆ ವಿಷ್ಯ.

ಇಸ್ರೇಲ್‌ನ ವೈಜ್‌ಮನ್ ಇನ್‌ಸ್ಟಿಟ್ಯೂಟ್‌ನವರು 2018ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. ಆಂಟಿಬಯೋಟಿಕ್ ಆದ್ಮೇಲೆ ಪ್ರೊಬಯೋಟಿಕ್ ತಗೊಂಡವರ ಕರುಳಲ್ಲಿ ಮೊದಲಿದ್ದ ಬ್ಯಾಕ್ಟೀರಿಯಾಗಳು ವಾಪಸ್ ಬರೋದು ಏನೂ ತಗೊಳ್ಳದೇ ಇದ್ದವರಿಗಿಂತ ತಡ ಆಯ್ತು. ಚಿಕ್ಕ ಸ್ಟಡಿ, ನಿಜ, ಆದ್ರೂ "ಒಳ್ಳೆ ಬ್ಯಾಕ್ಟೀರಿಯಾ ತಾನೇ, ತಗೊಂಡ್ರೆ ನಷ್ಟ ಏನು" ಅನ್ನೋರು ಯೋಚಿಸ್ಬೇಕಾದ್ದು.

ಹೊಸ ಬ್ಯಾಕ್ಟೀರಿಯಾಗಳನ್ನ ಕರೆತರೋದಕ್ಕಿಂತ ಕರುಳಲ್ಲಿ ಇರೋವಕ್ಕೆ ಊಟ ಹಾಕೋದು ಮುಖ್ಯ. ಅವುಗಳ ಊಟ ಅಂದ್ರೆ ನಾರು. ನಾರನ್ನ ಅರಗಿಸೋ ಶಕ್ತಿ ನಮಗಿಲ್ಲ, ಅದು ಹಾಗೇ ದೊಡ್ಡ ಕರುಳಿಗೆ ಹೋಗುತ್ತೆ, ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನ ಹುಳಿ ಬರಿಸಿ ಬ್ಯುಟಿರೇಟ್ ಅನ್ನೋ ಕೊಬ್ಬಿನಾಮ್ಲ ಮಾಡ್ತವೆ, ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನನೇ ಇದು. ಅಷ್ಟೇ ಅಲ್ಲ, ರೆಗ್ಯುಲೇಟರಿ ಟಿ ಸೆಲ್ ಅಂತಿವೆ, ಕಂಡಕಂಡಿದ್ದರ ಮೇಲೆಲ್ಲ ಎಗರಾಡದ ಹಾಗೆ ಬೇರೆ ಇಮ್ಯೂನ್ ಸೆಲ್‌ಗಳನ್ನ ಹದ್ದುಬಸ್ತಲ್ಲಿಡೋದು ಇವೇ, ಬ್ಯುಟಿರೇಟ್ ಇವುಗಳ ಸಂಖ್ಯೆ ಹೆಚ್ಚಿಸುತ್ತೆ ಅಂತ 2013ರಲ್ಲೇ ಇಲಿಗಳಲ್ಲಿ ತೋರಿಸಿದ್ದಾರೆ. ನಾರು ಸಿಗದೇ ಹೋದ್ರೆ ಕೆಲವು ಬ್ಯಾಕ್ಟೀರಿಯಾ ಕರುಳಿನ ಗೋಡೆ ಕಾಯೋ ಲೋಳೆಪದರಕ್ಕೇ ಬಾಯಿ ಹಾಕ್ತವೆ (ಇದೂ ಇಲಿಗಳಲ್ಲಿ ಕಂಡಿದ್ದೇ).

ಅಂದಹಾಗೆ ಈ "ಇಮ್ಯುನಿಟಿ ಬೂಸ್ಟ್" ಅನ್ನೋ ಜಾಹೀರಾತು ನೋಡಿದ್ರೇ ನನಗೆ ಮೈ ಉರಿಯುತ್ತೆ. ಇಮ್ಯುನಿಟಿ ದಾರಿ ತಪ್ಪಿ ಕೆರಳಿದ್ರೆ ತಾನೇ ಅಲರ್ಜಿ, ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳ ಉರಿಯೂತ) ಎಲ್ಲ ಬರೋದು? ಬೇಕಾಗಿರೋದು ಹತೋಟಿ.

ಮೊಸರು ತಿನ್ನಬಹುದಾ ಅಂದ್ರೆ ಧಾರಾಳವಾಗಿ ತಿನ್ನಿ. 2021ರಲ್ಲಿ ಸ್ಟ್ಯಾನ್‌ಫರ್ಡ್‌ನವರು 36 ಜನರನ್ನ ಎರಡು ಗುಂಪು ಮಾಡಿ 10 ವಾರ ನೋಡಿದಾಗ, ಮೊಸರಿನಂಥ ಹುದುಗಿಸಿದ ಆಹಾರ ತಿಂದ ಗುಂಪಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಾಯ್ತು, ಉರಿಯೂತದ ಪ್ರೋಟೀನ್‌ಗಳು ಇಳಿದ್ವು. ತಮಾಷೆ ಅಂದ್ರೆ ನಾರು ತಿಂದ ಗುಂಪಲ್ಲಿ ವೈವಿಧ್ಯ ಅಷ್ಟರಲ್ಲಿ ಏರಲಿಲ್ಲ! ಹಾಗಾಗಿ ಎರಡೂ ಇರ್ಲಿ.

ನಾರಿಗೆ ಕಾಳು, ತರಕಾರಿ, ಹಣ್ಣು, ಇಡಿಧಾನ್ಯ ಬದಲಾಯಿಸ್ತಾ ತಿನ್ನಿ, ಆದ್ರೆ ಒಂದೇ ಸಲ ಜಾಸ್ತಿ ಮಾಡ್ಬೇಡಿ, ಹೊಟ್ಟೆ ಉಬ್ಬರಿಸಿ ಗ್ಯಾಸ್ ಆಗುತ್ತೆ, ನಿಧಾನಕ್ಕೆ ಏರಿಸಿ ನೀರು ಚೆನ್ನಾಗಿ ಕುಡೀರಿ. ಕೀಮೋ, ಅಂಗ ಕಸಿ ಅಂತ ಇಮ್ಯುನಿಟಿ ಕಮ್ಮಿ ಇರೋರು ಡಾಕ್ಟರ್‌ನ ಕೇಳದೆ ಪ್ರೊಬಯೋಟಿಕ್ ಮುಟ್ಟಲೇಬಾರದು. ಇನ್ನು ನಿಮಗೆ ಕೋರ್ಸ್ ಮುಗಿದ ಮೇಲೂ ನೀರುನೀರಾಗಿ ಭೇದಿ, ಜ್ವರ ಇದ್ರೆ ಮನೆಮದ್ದು ಬಿಟ್ಟು ತೋರಿಸ್ಕೊಳ್ಳಿ, ಸಿ ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ ಇನ್ಫೆಕ್ಷನ್ ಇರಬಹುದು, ಅದಕ್ಕೆ ಬೇರೆ ಟ್ರೀಟ್‌ಮೆಂಟೇ ಬೇಕು.