ಬ್ಯಾಮ್‌ಫರ್ಡ್‌ನಲ್ಲಿ ಮನೆ ಮಾಡಲಾ ಅಂತ ಕೇಳಿದ ತಂಗಿಗೆ

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಯಜಮಾನರಿಗೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆಲಸ ಸಿಕ್ಕಿದೆ, ಬಾಡಿಗೆ ಮನೆ ಹೋಪ್ ಕಣಿವೆಯ ಬ್ಯಾಮ್‌ಫರ್ಡ್‌ನಲ್ಲಿ ನೋಡಿದ್ದೀರಿ. ಅಂಥ ಸಣ್ಣ ಊರಿನಲ್ಲಿ ಅಂಗಡಿ ಇರುತ್ತದಾ, ಬೇಸಿಗೆಯಲ್ಲಿ ಅಪ್ಪ-ಅಮ್ಮ ಸಾಗರದಿಂದ ಬಂದರೆ ಏನು ತೋರಿಸಲಿ, ನನಗೆ ಒಂಟಿ ಅನ್ನಿಸುತ್ತದಾ ಅಂತ ಕೇಳಿದ್ದೀಯ. ನಾನು ಪಕ್ಕದ ಹ್ಯಾದರ್‌ಸೇಜ್‌ಗೆ ಬಂದು 16 ವರ್ಷ ಆಯಿತು. ಧೈರ್ಯವಾಗಿ ಆ ಮನೆ ಹಿಡಿಯಿರಿ.

ಮೊದಲು ಅಂಗಡಿ ವಿಷಯ. ಬ್ಯಾಮ್‌ಫರ್ಡ್‌ನಲ್ಲಿ ದೊಡ್ಡ ಸೂಪರ್ ಮಾರ್ಕೆಟ್ ಇಲ್ಲ. ತೊಗರಿಬೇಳೆ, ಹುಣಸೆಹಣ್ಣು, ಕರಿಬೇವಿಗೆ ಶೆಫೀಲ್ಡ್‌ಗೇ ಹೋಗಬೇಕು. ರೈಲಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಭಾನುವಾರ ಮಾತ್ರ ನೆನಪಿಟ್ಟುಕೋ: ಇಂಗ್ಲೆಂಡಿನಲ್ಲಿ ದೊಡ್ಡ ಅಂಗಡಿಗಳು ಅವತ್ತು ಆರು ಗಂಟೆಗಿಂತ ಜಾಸ್ತಿ ತೆರೆದಿರುವಂತಿಲ್ಲ, ಕಾನೂನೇ ಹಾಗಿದೆ. ಸಣ್ಣ ಅಂಗಡಿಗಳಿಗೆ ಆ ಕಟ್ಟು ಇಲ್ಲ.

ಆದರೆ ನಾನು ಮಾಡಿದ ತಪ್ಪು ನೀನು ಮಾಡಬೇಡ. ಬಂದ ಹೊಸದರಲ್ಲಿ ಹಾಲಿನಿಂದ ಹಿಡಿದು ಸೋಪಿನವರೆಗೆ ಎಲ್ಲವನ್ನೂ ಶೆಫೀಲ್ಡ್‌ನಿಂದಲೇ ಹೊತ್ತು ತರುತ್ತಿದ್ದೆ. ಅಲ್ಲಿ ಅಗ್ಗ ಅಂತ. ಆರು ತಿಂಗಳಾದರೂ ಊರಿನಲ್ಲಿ ಒಬ್ಬರಿಗೂ ನನ್ನ ಮುಖದ ಗುರುತು ಸಿಗಲಿಲ್ಲ. ಒಂದು ದಿನ ಹಿಮ ಬಿದ್ದು ರೈಲು ನಿಂತಿತು. ಮನೆಯಲ್ಲಿ ಹಾಲಿಲ್ಲ, ಮಗುವಿಗೆ ಜ್ವರ. ಹತ್ತಿರದ ಅಂಗಡಿಗೆ ಓಡಿದೆ. ಕೌಂಟರಿನಲ್ಲಿದ್ದ ಹೆಂಗಸು ಹಾಲು ಕೊಟ್ಟು, ಯಾವ ಮನೆ, ಮಗು ಎಷ್ಟು ದೊಡ್ಡದು ಅಂತ ವಿಚಾರಿಸಿದರು. ಸಂಜೆ ಬಾಗಿಲು ತಟ್ಟಿ ಬ್ರೆಡ್ಡು, ಸೂಪು ಕೊಟ್ಟು ಹೋದರು. ಅವತ್ತಿನಿಂದ ಹಾಲು, ಮೊಟ್ಟೆ, ಸ್ಟಾಂಪು, ಏನಾದರೊಂದು ವಾರಕ್ಕೆರಡು ಸಲ ಊರಿನಲ್ಲೇ ಕೊಳ್ಳುತ್ತೇನೆ. ನಾಲ್ಕು ಪೆನ್ನಿ ಜಾಸ್ತಿ ಆಗುತ್ತದೆ, ಆಗಲಿ. ಇಲ್ಲಿನವರು ತಾವಾಗಿ ಮನೆಗೆ ಬಂದು ಪರಿಚಯ ಮಾಡಿಕೊಳ್ಳುವುದು ಅಪರೂಪ. ಅಂಗಡಿಯಲ್ಲಿ ಮಾತ್ರ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

'ಲವ್' ಅಂತಲೋ 'ಡಕ್' ಅಂತಲೋ ಕರೆದರೆ ಗಾಬರಿ ಆಗಬೇಡ. ನಮ್ಮ ಕಡೆ ಅಂಗಡಿಯವರು 'ಏನು ಬೇಕು ಮಗಾ' ಅಂದ ಹಾಗೆ, ಅಷ್ಟೇ. 'ಆಲ್ ರೈಟ್?' ಅಂದರೂ ನಿನ್ನ ಆರೋಗ್ಯ ಕೇಳುತ್ತಿಲ್ಲ. ನೀನೂ 'ಆಲ್ ರೈಟ್' ಅಂದರೆ ಸಾಕು.

ನಿನ್ನ ಊರಿನಲ್ಲೇ ಒಂದು ಒಳ್ಳೆಯ ಜಾಗ ಇದೆ, ಆಂಗ್ಲರ್ಸ್ ರೆಸ್ಟ್ ಅಂತ. ಆ ಪಬ್ಬನ್ನು 2013ರಲ್ಲಿ ಊರಿನ ಜನರೇ ದುಡ್ಡು ಹಾಕಿ ಕೊಂಡುಕೊಂಡರು. ಅದರ ಜೊತೆಗೇ ಕಾಫಿ ಅಂಗಡಿ, ಪೋಸ್ಟಾಫೀಸು. ಪಬ್ ಅಂದರೆ ಅಮ್ಮ ಹಿಂಜರಿಯಬಹುದು, ಅಲ್ವಾ? ಇಲ್ಲಿ ಹಳ್ಳಿ ಪಬ್ಬಿಗೆ ಅಜ್ಜಿಯರೂ ಬರುತ್ತಾರೆ, ಕೂಸುಗಳೂ ಬರುತ್ತವೆ. ಟೀ ಕುಡಿದು ಸುಮ್ನೆ ಕೂತರೂ ಯಾರೂ ಏನೂ ಅನ್ನುವುದಿಲ್ಲ. ಮೊದಲ ವಾರವೇ ಹೋಗು.

ಇನ್ನು ಅಪ್ಪ-ಅಮ್ಮ ಬಂದಾಗ. ಎಲ್ಲರೂ ಮೊದಲು ಇದೇ ಕಣಿವೆಯ ಕ್ಯಾಸಲ್ಟನ್ ಅನ್ನುವ ಊರಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ನಾಲ್ಕು ಗುಹೆಗಳಿವೆ, ನಾಲ್ಕಕ್ಕೂ ಟಿಕೆಟ್ ತೆಗೆದುಕೊಳ್ಳಬೇಡ. ಸ್ಪೀಡ್‌ವೆಲ್‌ನಲ್ಲಿ ಹಳೆಯ ಸೀಸದ ಗಣಿಯ ಸುರಂಗದೊಳಗೆ ದೋಣಿಯಲ್ಲಿ ಹೋಗುವುದು ಚೆನ್ನಾಗಿದೆ. ಆದರೆ ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು, ಮತ್ತೆ ಅಷ್ಟನ್ನೂ ಹತ್ತಬೇಕು. ಮಂಡಿನೋವಿನ ಅಮ್ಮನಿಗೆ ಬೇಡ. ಪೀಕ್ ಕ್ಯಾವರ್ನ್ ವಾಸಿ. ಅದರ ಬಾಯಿ ಎಷ್ಟು ದೊಡ್ಡದೆಂದರೆ, ನೂರಾರು ವರ್ಷ ಹಗ್ಗ ಹೊಸೆಯುವವರು ಅದರೊಳಗೇ ಕೆಲಸ ಮಾಡಿದರು. ಈಗಲೂ ಹಗ್ಗ ಹೊಸೆದು ತೋರಿಸುತ್ತಾರೆ. ಒಂದು ಕಡೆ ಬೆನ್ನು ಬಗ್ಗಿಸಬೇಕು, ಮೊದಲೇ ಹೇಳಿರು.

ಬ್ಲೂ ಜಾನ್ ಅನ್ನುವ ಕಲ್ಲು ಈ ಊರಿನ ಹೆಮ್ಮೆ. ನೇರಳೆ, ಹಳದಿ ಪಟ್ಟೆಗಳ ಕಲ್ಲು, ಕ್ಯಾಸಲ್ಟನ್ ಪಕ್ಕದ ಗುಡ್ಡದಲ್ಲಿ ಸಿಗುತ್ತದೆ. ಇವತ್ತಿಗೂ ಸ್ವಲ್ಪ ಸ್ವಲ್ಪ ತೆಗೆದು, ಇಲ್ಲೇ ಉಜ್ಜಿ ಒಡವೆ ಮಾಡುತ್ತಾರೆ. ದುಬಾರಿ ನಿಜ. ಆದರೂ ಅಮ್ಮನಿಗೆ ಒಂದು ಪುಟ್ಟ ಪದಕ ಕೊಡಿಸು. ಬೇರೆ ಕಡೆ ತಯಾರಾಗಿ ಬರುವ ಕೀ ಚೈನಿಗೆ ದುಡ್ಡು ಹಾಕುವುದಕ್ಕಿಂತ ಎಷ್ಟೋ ಮೇಲು.

ಪೆವರಿಲ್ ಕೋಟೆಯ ಏರು ಕಡಿದು. ಅದರ ಬದಲು ಮ್ಯಾಮ್ ಟಾರ್ ಹತ್ತಿಸು. 517 ಮೀಟರ್ ಎತ್ತರದ ಗುಡ್ಡ. ಆದರೆ ಮೇಲಿನ ಕಾರ್ ಪಾರ್ಕಿನಿಂದ ಕಲ್ಲು ಹಾಸಿದ ದಾರಿ ಇದೆ, ನಿಧಾನಕ್ಕೆ ಹೋದರೂ ಅರ್ಧ ಗಂಟೆ ಸಾಕು. ಮೇಲೆ ನಿಂತರೆ ಇಡೀ ಕಣಿವೆ ಕಣ್ಣ ಮುಂದೆ. ಕೆಳಗೆ ಮುರಿದು ಬಿದ್ದ ಹಳೆಯ ಟಾರು ರಸ್ತೆಯೂ ಕಾಣುತ್ತದೆ. ಗುಡ್ಡ ಜಾರಿ ಜಾರಿ, ರಿಪೇರಿ ಮಾಡಿ ಸಾಕಾಗಿ, 1979ರಲ್ಲಿ ಆ ರಸ್ತೆಯನ್ನೇ ಮುಚ್ಚಿಬಿಟ್ಟರು. ಗಾಳಿ ಜೋರು, ಜೂನ್ ಆದರೂ ಸ್ವೆಟರ್ ಬೇಕು. ಒಳ್ಳೆಯ ಬೂಟು, ಮಳೆ ಜಾಕೆಟ್ ಹ್ಯಾದರ್‌ಸೇಜ್‌ನಲ್ಲಿ ಸಿಗುತ್ತವೆ. ಬಂಡೆ ಹತ್ತುವವರ ಊರು ಇದು, ಅಂಗಡಿಯವರಿಗೆ ಪಾದ ನೋಡಿದರೆ ಸಾಕು, ಯಾವ ಬೂಟು ಅಂತ ಗೊತ್ತಾಗುತ್ತದೆ.

ನೀನು ಸಾಗರದವಳು ಅಂದ ಕೂಡಲೇ ನನಗೆ ನೆನಪಾದದ್ದು ಲೇಡಿಬವರ್. ಬ್ಯಾಮ್‌ಫರ್ಡ್ ಪಕ್ಕದಲ್ಲೇ ಇರುವ ದೊಡ್ಡ ಜಲಾಶಯ. ಶೆಫೀಲ್ಡ್, ಡರ್ಬಿ, ನಾಟಿಂಗ್‌ಹ್ಯಾಮ್, ಲೆಸ್ಟರ್ ಊರುಗಳ ನೀರಿಗಾಗಿ ಕಟ್ಟಿದ್ದು. ದೊರೆ ಆರನೇ ಜಾರ್ಜ್ 1945ರಲ್ಲಿ ಬಂದು ಉದ್ಘಾಟನೆ ಮಾಡಿದರು. ಅದಕ್ಕಾಗಿ ಡರ್ವೆಂಟ್, ಆಶಪ್ಟನ್ ಅಂತ ಎರಡು ಹಳ್ಳಿ ಮುಳುಗಿದವು. ಡರ್ವೆಂಟ್ ಚರ್ಚಿನ ಗೋಪುರ ಮಾತ್ರ ಕೆಲವು ವರ್ಷ ನೀರಿನ ಮೇಲೆ ನಿಂತಿತ್ತು. 1947ರಲ್ಲಿ ಅದನ್ನೂ ಉರುಳಿಸಿದರು. ಹಳೆಯ ಕಲ್ಲಿನ ಸೇತುವೆಯನ್ನು ಬಿಚ್ಚಿ ಕಣಿವೆಯ ಮೇಲ್ಭಾಗದಲ್ಲಿ ಮತ್ತೆ ಕಟ್ಟಿದ್ದಾರೆ. ಚರ್ಚಿನ ಅಂಗಳದಲ್ಲಿ ಹೂತಿದ್ದವರನ್ನು ತಂದು ಬ್ಯಾಮ್‌ಫರ್ಡ್ ಚರ್ಚಿನ ಹತ್ತಿರ ಮಣ್ಣು ಮಾಡಿದ್ದಾರೆ.

ನಮ್ಮ ಅಜ್ಜಿಯ ಮನೆ, ಗದ್ದೆ, ಬಾವಿ ಲಿಂಗನಮಕ್ಕಿ ಹಿನ್ನೀರಿನಲ್ಲಿ ಹೋದವು. ಅಜ್ಜಿ ಸಾಯುವ ತನಕ ಆ ಮನೆಯ ಕಂಬಗಳನ್ನು ಎಣಿಸಿ ಹೇಳುತ್ತಿದ್ದಳು. 2018ರ ಬಿರುಬೇಸಿಗೆಯಲ್ಲಿ ಲೇಡಿಬವರ್ ನೀರು ಇಳಿದು ಡರ್ವೆಂಟ್‌ನ ಗೋಡೆಗಳ ಕಲ್ಲು ಕಾಣಿಸಿತು. ನಾನೂ ನೋಡಲು ಹೋದೆ. ದಡದಲ್ಲಿ ಒಬ್ಬ ಮುದುಕರು, ಇಲ್ಲೇ ನಮ್ಮಮ್ಮನ ಮನೆ ಇತ್ತು ಅಂದರು. ನಾನು ಅಜ್ಜಿಯ ಕಥೆ ಹೇಳಿದೆ. ಇಬ್ಬರೂ ಬಹಳ ಹೊತ್ತು ಅಲ್ಲೇ ಕೂತಿದ್ದೆವು. ಈ ಕಣಿವೆ ನನ್ನದೂ ಹೌದು ಅಂತ ಮೊದಲ ಸಲ ಅನ್ನಿಸಿದ್ದು ಅವತ್ತು. ನಿನ್ನ ಅಪ್ಪ-ಅಮ್ಮನಿಗೆ ಬೇರೇನು ತೋರಿಸದಿದ್ದರೂ ಪರವಾಗಿಲ್ಲ, ಇದನ್ನು ತೋರಿಸು. ಅಣೆಕಟ್ಟಿನ ಹತ್ತಿರ ನೀರಿನಲ್ಲಿ ಎರಡು ದೊಡ್ಡ ಗುಂಡನೆಯ ಬಾಯಿಗಳಿವೆ. ಜಲಾಶಯ ತುಂಬಿದಾಗ ನೀರು ಸುತ್ತಲಿಂದ ಅದರೊಳಗೆ ಧುಮುಕುತ್ತದೆ. ಅದು ಬೇಸಿಗೆಗಿಂತ ಚಳಿಗಾಲದಲ್ಲೇ ನೋಡಲು ಸಿಗುವುದು ಜಾಸ್ತಿ.

ಅವರು ಜೂನ್ ಕೊನೆಗೆ ಬರುವ ಹಾಗಿದ್ದರೆ ಇನ್ನೂ ಒಳ್ಳೆಯದು. ನಮ್ಮ ಕಣಿವೆ ಇರುವ ಡರ್ಬಿಶೈರ್ ಜಿಲ್ಲೆಯ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಬಾವಿ, ಚಿಲುಮೆಗಳಿಗೆ ಅಲಂಕಾರ ಮಾಡುತ್ತಾರೆ. ಮರದ ಹಲಗೆಗೆ ಒದ್ದೆ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಹೂವಿನ ಎಸಳು, ಎಲೆ, ಬೀಜ ಒತ್ತಿ ಚಿತ್ರ ಮಾಡುವುದು. ಹೋಪ್ ಊರಿನಲ್ಲೂ ಮಾಡುತ್ತಾರೆ. ಎಸಳು ಒತ್ತಲು ದಿನಗಟ್ಟಲೆ ಹಿಡಿಯುತ್ತದೆ, ಯಾವಾಗಲೂ ಕೈ ಸಾಲುವುದಿಲ್ಲ. ರಂಗೋಲಿ ಹಾಕಿ ಪಳಗಿದ ಅಮ್ಮನ ಬೆರಳಿಗೆ ಇಂಗ್ಲಿಷ್ ಬೇಕಾಗಿಲ್ಲ. ನೀನು ಈಗಲೇ ಪೋಸ್ಟಾಫೀಸ್ ಕೌಂಟರಿನಲ್ಲಿ ಕೇಳಿಡು, ಯಾರನ್ನು ನೋಡಬೇಕು ಅಂತ ಅವರು ಹೇಳುತ್ತಾರೆ.

ಸಾಮಾನು ಇಳಿಸುವ ದಿನ ತಿಳಿಸು. ಬ್ಯಾಮ್‌ಫರ್ಡ್ ಸ್ಟೇಷನ್ನಿನಿಂದ ಊರಿಗೆ ಸ್ವಲ್ಪ ಏರು ನಡೆಯಬೇಕು, ಚೀಲ ಹೊತ್ತು ಒಬ್ಬಳೇ ಬರಬೇಡ. ಅವತ್ತಿನ ಸಾರು-ಅನ್ನ ನಾನೇ ತರುತ್ತೇನೆ.