ದತ್ತು ಮಗುವಿಗೆ ಕಾಯುತ್ತಿದ್ದೇವೆ. ಮನೆಯಲ್ಲಿರುವ ಆರು ವರ್ಷದ ಮಗಳಿಗೆ ಏನು ಹೇಳಲಿ?

"ದೇವರು ಕೊಡ್ತಾನೆ, ದಿನಾ ಕೇಳ್ಕೋ ಅಂತ ಮಗಳಿಗೆ ಹೇಳಿದ್ದೇವೆ. ಇನ್ನೆಷ್ಟು ದಿನ ಹೀಗೆ ಸಮಾಧಾನ ಮಾಡುವುದು? ಯಾವುದಾದರೂ ವ್ರತ ಮಾಡಿದರೆ ಬೇಗ ಆಗುತ್ತದಾ?" ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂತು. ಇದೇ ಮಾತನ್ನು ನಾನೂ ನನ್ನ ಮಗಳಿಗೆ ಹೇಳಿದ್ದೆ. ದಯವಿಟ್ಟು ಇವತ್ತೇ ನಿಲ್ಲಿಸಿ.

ನಾವು ಮೈಸೂರಿನವರು. ಅತ್ತೆಯ ಊರು ಮಂಡ್ಯದ ಹತ್ತಿರದ ಒಂದು ಹಳ್ಳಿ. ಮಗಳು ಹುಟ್ಟಿದ್ದು 2015ರಲ್ಲಿ. ಆಮೇಲೆ ಎರಡು ಸಲ ಬಸಿರು ನಿಲ್ಲಲಿಲ್ಲ. ಅದರ ಬಗ್ಗೆ ಜಾಸ್ತಿ ಬರೆಯಲು ನನಗೆ ಈಗಲೂ ಆಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕಾರಾ (ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದೆವು. ಸಮಾಜ ಕಾರ್ಯಕರ್ತೆಯೊಬ್ಬರು ಮನೆಗೆ ಬಂದರು. ಅಡುಗೆಮನೆ, ಬಚ್ಚಲು ಎಲ್ಲ ನೋಡಿದರು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿದರು, ವರದಿ ಬರೆದರು. ಅಷ್ಟೆ. ಆಮೇಲೆ ಮೂರು ವರ್ಷ ಫೋನಿನಲ್ಲಿ ಸರದಿಯ ಸಂಖ್ಯೆ ನೋಡುವುದು, ಇಡುವುದು. ಬೆಳಿಗ್ಗೆ ಹಾಲು ಕಾಯಿಸುವ ಮೊದಲು ಅದನ್ನೇ ನೋಡುತ್ತಿದ್ದೆ.

ಅತ್ತೆ ಇದಕ್ಕೆಲ್ಲ ಮುಂಚೆಯೇ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಹರಕೆ ಹೊತ್ತಿದ್ದರು. ಚನ್ನಪಟ್ಟಣದ ಹತ್ತಿರ, ಬೆಂಗಳೂರು ರಸ್ತೆಯಲ್ಲಿ ಬರುತ್ತದಲ್ಲ, ಅಪ್ರಮೇಯಸ್ವಾಮಿ ದೇವಸ್ಥಾನ, ಅಲ್ಲಿ. ಮಕ್ಕಳಿಲ್ಲದವರು ಹರಕೆ ಹೊತ್ತು ತೊಟ್ಟಿಲು ಒಪ್ಪಿಸುವ ಜಾಗ ಅದು. ಪುಟ್ಟ ಪುಟ್ಟ ಮರದ ತೊಟ್ಟಿಲುಗಳು. ನನಗೂ ನಂಬಿಕೆ ಇತ್ತು, ಈಗಲೂ ಇದೆ. ತಪ್ಪು ಮಾಡಿದ್ದು ನಂಬಿಕೆಯಲ್ಲ, ನಾವು.

ಮಗಳು "ತಮ್ಮ ಯಾವಾಗ ಬರ್ತಾನೆ?" ಅಂತ ಕೇಳಿದಾಗಲೆಲ್ಲ ನಾನು "ದಿನಾ ದೀಪ ಹಚ್ಚು, ಕೃಷ್ಣನ್ನ ಕೇಳ್ಕೋ, ಕೊಡ್ತಾನೆ" ಅನ್ನುತ್ತಿದ್ದೆ. ಹಾಗೆ ಹೇಳುವುದು ಸುಲಭ ಅಲ್ವಾ? ಸರದಿ, ಪಟ್ಟಿ, ವರದಿ ಅಂತೆಲ್ಲ ಆರು ವರ್ಷದ ಮಗುವಿಗೆ ಯಾರು ವಿವರಿಸುತ್ತಾರೆ? ಅವಳು ಚಾಚೂ ತಪ್ಪದೆ ಹಚ್ಚುತ್ತಿದ್ದಳು. ಸ್ಟೂಲು ಎಳೆದುಕೊಂಡು ನಿಂತು, ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ತುದಿಯನ್ನು ಬೆರಳಲ್ಲಿ ಹೊಸೆದು, ಆಮೇಲೆ ನನ್ನನ್ನು ಕೂಗುತ್ತಿದ್ದಳು, ಕಡ್ಡಿ ಗೀರಲು.

2021ರ ಅಕ್ಟೋಬರ್ 4, ಸೋಮವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಎಸ್ಸೆಮ್ಮೆಸ್ ಬಂತು. ಲಾಗಿನ್ ಆದರೆ ಒಂದು ಗಂಡು ಮಗು. ಹದಿನಾಲ್ಕು ತಿಂಗಳು. ಫೋಟೋದಲ್ಲಿ ಬಲಗೆನ್ನೆಗೆ ಯಾರೋ ದೃಷ್ಟಿಬೊಟ್ಟು ಇಟ್ಟಿದ್ದರು, ಸ್ವಲ್ಪ ಒರೆಸಿಹೋಗಿತ್ತು. ಅಲ್ಲಿನ ಆಯಾ ಇಟ್ಟಿರಬೇಕು. ಯಾರದೋ ಕೈ ಆ ಮಗುವಿನ ಮೇಲೆ ಅಷ್ಟು ಪ್ರೀತಿಯಿಂದ ಆಡಿದೆಯಲ್ಲ ಅಂತ ಅತ್ತುಬಿಟ್ಟೆ. ಮಗಳು ಓಡಿಬಂದು ನನ್ನ ಹೆಗಲ ಮೇಲಿಂದ ನೋಡಿದಳು. "ನನ್ ತಮ್ಮ" ಅಂದಳು. ಸಂಜೆಯೊಳಗೆ ಒಂದು ಹೆಸರೂ ಇಟ್ಟಳು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಆ ವಾರ ಪಿತೃಪಕ್ಷದ ಕೊನೆ. ಬುಧವಾರ ಮಹಾಲಯ ಅಮಾವಾಸ್ಯೆ, ಗುರುವಾರ ನವರಾತ್ರಿಯ ಪಾಡ್ಯ. ಅತ್ತೆ ಹೇಳಿದರು, "ಪಕ್ಷದಲ್ಲಿ ಒಳ್ಳೆ ಕೆಲ್ಸ ಬ್ಯಾಡ ಕಣವ್ವ. ಅಮಾಸೆ ಕಳೀಲಿ. ಗುರುವಾರ ಬೆಳಿಗ್ಗೆ ಒಪ್ಕೊಳಿ." ನನ್ನ ಗಂಡ, "ಹೇಗೂ ಇಪ್ಪತ್ತು ದಿನ ಟೈಮ್ ಇದೆ" ಅಂದರು. ನಾನೂ ತಲೆಯಾಡಿಸಿದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಾವು ಜಾರಿದ್ದು ಇಲ್ಲೇ. ಮಗುವಿನ ವಿವರ ಬಂದ ಮೇಲೆ ಎರಡು ಬೇರೆ ಬೇರೆ ಗಡುವು ಇರುತ್ತವೆ. ಮೊದಲನೆಯದು 48 ಗಂಟೆ. ಅಷ್ಟರೊಳಗೆ ಮಗುವನ್ನು ನಿಮ್ಮ ಹೆಸರಿಗೆ ಕಾಯ್ದಿರಿಸಬೇಕು, ಪೋರ್ಟಲ್‌ನಲ್ಲಿ ರಿಸರ್ವ್ ಅಂತಾರೆ. ಹಾಗೆ ಕಾಯ್ದಿರಿಸಿದ ಮೇಲೆ ಎರಡನೆಯದು ಶುರು. ವೈದ್ಯಕೀಯ ವರದಿಯನ್ನು ನಿಮ್ಮ ಡಾಕ್ಟರಿಗೆ ತೋರಿಸುವುದು, ಹೋಗಿ ಮಗುವನ್ನು ನೋಡುವುದು, ಸಹಿ ಹಾಕಿ ಒಪ್ಪಿಕೊಳ್ಳುವುದು ಎಲ್ಲ ಆ ಅವಧಿಯಲ್ಲಿ. ಆಗ ಅದು 20 ದಿನ ಇತ್ತು, 2022ರ ನಿಯಮಗಳಲ್ಲಿ 30 ದಿನ ಆಗಿದೆ. ನಾವು ಇವೆರಡನ್ನೂ ಒಂದೇ ಅಂದುಕೊಂಡೆವು. ಇಪ್ಪತ್ತು ದಿನ ಅನ್ನುವುದು ತಲೆಯಲ್ಲಿ ಕೂತಿತ್ತು, 48 ಗಂಟೆ ಅನ್ನುವುದನ್ನು ಕಣ್ಣು ಓದಿದರೂ ಮನಸ್ಸು ಓದಲಿಲ್ಲ. ಕಾಯ್ದಿರಿಸುವುದೆಂದರೆ ಒಪ್ಪಿಕೊಂಡು ಮುಗಿಸಿದ ಹಾಗೆ ಅಂತ ಹೆದರಿದೆವು. ಹಾಗಲ್ಲ. ಮಗುವನ್ನು ಬೇರೆಯವರಿಗೆ ತೋರಿಸಬೇಡಿ, ನಾವು ನೋಡಿ ಹೇಳುತ್ತೇವೆ ಅಂದ ಹಾಗೆ ಅಷ್ಟೆ. ಒಂದು ಗುಂಡಿ ಒತ್ತುವ ಕೆಲಸ. ಅದಕ್ಕೆ ಮುಹೂರ್ತ ಬೇಕಿರಲಿಲ್ಲ. ಒತ್ತಿಟ್ಟು, ಮನೆಗೆ ಕರೆದುಕೊಂಡು ಬರುವುದಕ್ಕೆ ಒಳ್ಳೆಯ ದಿನ ನೋಡಿದ್ದರೆ ಅತ್ತೆಯ ಮಾತೂ ಉಳಿಯುತ್ತಿತ್ತು, ಮಗುವೂ ಉಳಿಯುತ್ತಿತ್ತು. ಮೂರು ಜನ ದೊಡ್ಡವರು ಮನೆಯಲ್ಲಿ. ಒಬ್ಬರೂ ಆ ಪುಟವನ್ನು ಇನ್ನೊಂದು ಸಲ ಓದಲಿಲ್ಲ. ಯಾರಿಗೂ ಫೋನ್ ಮಾಡಿ ಕೇಳಲಿಲ್ಲ. ಆಮೇಲೆ ಎಷ್ಟು ರಾತ್ರಿ ಲೆಕ್ಕ ಹಾಕಿದ್ದೇನೋ. ಸೋಮವಾರ ಹನ್ನೊಂದು, ಮಂಗಳವಾರ ಹನ್ನೊಂದು, ಬುಧವಾರ ಹನ್ನೊಂದು.

ಬುಧವಾರ ಹನ್ನೊಂದಕ್ಕೆ ನಾನು ಕಜ್ಜಾಯ ಕರಿಯುತ್ತಿದ್ದೆ. ಮಾವನವರಿಗೆ ಎಡೆ ಇಡುವ ದಿನ ಅದು. ಹೊಸ ಪಂಚೆ ತಂದಿಟ್ಟಿದ್ದೆವು. ವಡೆ, ಕೋಳಿ ಸಾರು, ಎಲೆ ಅಡಿಕೆ, ಅವರು ಸೇದುತ್ತಿದ್ದ ಬೀಡಿ ಕಟ್ಟು ಎಲ್ಲ ಇತ್ತು. ಫೋನು ರೂಮಿನಲ್ಲಿ ಚಾರ್ಜಿಗೆ ಹಾಕಿತ್ತು.

ಗುರುವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿದೆವು. ಮಗಳು ದೀಪಕ್ಕೆ ಬತ್ತಿ ಹಾಕಿದಳು. ಟಿವಿಯಲ್ಲಿ ಚಾಮುಂಡಿ ಬೆಟ್ಟದಿಂದ ದಸರಾ ಉದ್ಘಾಟನೆ ಬರುತ್ತಿತ್ತು. ಲಾಗಿನ್ ಆದರೆ ಮಗು ಇಲ್ಲ. ಆ ಪುಟವೇ ಇಲ್ಲ. ಸರದಿಯಲ್ಲಿ ನಮ್ಮ ಹಿಂದಿದ್ದವರಿಗೆ ಹೋಗಿತ್ತು. ಮಗುವಿನ ವಿವರ ಕಳಿಸುವುದು ಒಟ್ಟು ಮೂರು ಸಲ, ಆ ಮೂರು ಅವಕಾಶಗಳಲ್ಲಿ ಒಂದು ಮುಗಿಯಿತು ಅನ್ನುವುದು ನಮಗೆ ದೊಡ್ಡ ವಿಷಯ ಅನ್ನಿಸಲೇ ಇಲ್ಲ. ಆ ಬೊಟ್ಟು ಕಣ್ಣೆದುರು ಬರುತ್ತಿತ್ತು.

ಮಗಳಿಗೆ ಎರಡು ದಿನ ಏನೋ ಒಂದು ಹೇಳಿ ತಳ್ಳಿದೆವು. ಮೂರನೇ ದಿನ ರಾತ್ರಿ, ದೀಪ ಆರಿಸಿ ಮಲಗಿದ ಮೇಲೆ, ಕತ್ತಲಲ್ಲಿ ಕೇಳಿದಳು. "ಅಮ್ಮಾ, ಅಜ್ಜಿ ಊರಿಗೆ ಹೋದಾಗ ನಾನು ಒಂದಿನ ದೀಪ ಹಚ್ಚಿರಲಿಲ್ಲ ಅಲ್ವಾ? ಅದಕ್ಕಾ?"

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಮಗಳ ಕೈಯಲ್ಲಿ ಕಾಯುವ ಕೆಲಸ ಕೊಡಬೇಡಿ. ದೇವರನ್ನು ಕೇಳಿದರೆ ಸಿಗುತ್ತದೆ ಅಂತ ಹೇಳಿದರೆ, ಸಿಗದಿದ್ದಾಗ ಮಗು ತನ್ನನ್ನೇ ಬೈದುಕೊಳ್ಳುತ್ತದೆ. ನಾನು ಮಾಡಿದ ತಪ್ಪಿನ ಭಾರವನ್ನು ಆರು ವರ್ಷದವಳು ಮೂರು ದಿನ ಒಬ್ಬಳೇ ಹೊತ್ತಿದ್ದಳು. ಎದ್ದು ಲೈಟ್ ಹಾಕಿ ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಅಪ್ಪ ಅಮ್ಮ ಒಂದು ಪುಟ ಸರಿಯಾಗಿ ಓದಲಿಲ್ಲ, ತಡ ಮಾಡಿದ್ವಿ. ಆ ಪಾಪು ಬೇರೆ ಅಪ್ಪ ಅಮ್ಮನ ಮನೆಗೆ ಹೋಗುತ್ತೆ. ಕೃಷ್ಣನದೂ ತಪ್ಪಿಲ್ಲ, ನಿನ್ನದೂ ಇಲ್ಲ." ಅವಳು ಕೇಳಿದ್ದು ಒಂದೇ, "ಅವರ ಮನೇಲಿ ಅಕ್ಕ ಇದಾಳಾ?"

ವ್ರತದ ಬಗ್ಗೆ ಕೇಳಿದ್ದೀರಿ. ಮಾಡಬೇಕು ಅನ್ನಿಸಿದರೆ ಮಾಡಿ, ನಿಮ್ಮ ಮನಸ್ಸಿಗೆ ಧೈರ್ಯ ಬರುತ್ತದೆ. ಆದರೆ ಬೇಗ ಆಗಲಿ ಅಂತ ಮಾಡಬೇಡಿ. ನೋಂದಣಿ ತಾರೀಖಿನ ಮೇಲೆ ಸರದಿ ನಡೆಯುತ್ತದೆ, ಅದು ಸರಿಯಾದದ್ದೇ. ಇನ್ನೊಂದು ಮಾತು ಯೋಚಿಸಿ. ನಮಗೆ ಮಗು ಕೊಡು ಅಂತ ಕೇಳುವಾಗ, ಎಲ್ಲೋ ಒಬ್ಬ ತಾಯಿ ಮಗುವನ್ನು ಬಿಟ್ಟು ಹೋಗಬೇಕಾಗುತ್ತದೆ ಅನ್ನುವುದು ಅದರೊಳಗೇ ಇದೆ. ಇದು ಹೊಳೆದ ಮೇಲೆ ನನಗೆ ಹಾಗೆ ಕೇಳಲು ಬಾಯೇ ಬರಲಿಲ್ಲ. ನಮ್ಮ ಮನೆಯಲ್ಲಿ ಆಮೇಲೆ ಬೇಡಿಕೊಳ್ಳುವ ಮಾತು ಬದಲಾಯಿತು. ಮಗಳೇ ಬದಲಾಯಿಸಿದಳು. "ಪಾಪು ಎಲ್ಲೇ ಇದ್ರೂ ಅತ್ತಾಗ ಯಾರಾದ್ರೂ ಎತ್ಕೊಳ್ಲಿ." ನೀವೂ ಇದನ್ನೇ ಹೇಳಿಕೊಡಿ. ಇದರಲ್ಲಿ ದಿನ ಎಣಿಸುವುದಿಲ್ಲ.

ಅತ್ತೆ ತುಂಬ ನೊಂದರು. ಒಂದು ತಿಂಗಳು ನನ್ನ ಮುಖ ನೋಡಿ ಮಾತಾಡಲಿಲ್ಲ. ಆಮೇಲೆ ದೊಡ್ಡಮಳೂರಿಗೆ ಹೋದಾಗ ಅಂಬೆಗಾಲಿಟ್ಟ ಕೃಷ್ಣನ ಮುಂದೆ ತುಂಬ ಹೊತ್ತು ನಿಂತರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ ಅಂದರು, "ಈ ಕೂಸು ಅಂಬೆಗಾಲಿಟ್ಟಿದ್ದು ಹೆತ್ತವಳ ಮನೇಲಲ್ಲ ಕಣವ್ವ, ಯಶೋದೆ ಮನೇಲಿ. ನಿಮ್ ಮಾವ ಇದ್ದಿದ್ರೆ ಅವತ್ತೇ ಹೂ ಅನ್ನಿ ಅಂತಿದ್ರು. ಎಡೆಗೆ ಬಂದೋರು ಮನೆಗೆ ಮಗು ಬಂದ್ರೆ ಬ್ಯಾಡ ಅಂತಾರಾ?" ನಾನು ಅವರ ಕೈ ಹಿಡಿದುಕೊಂಡೆ. ಅವರು ಹೇಳಿದ್ದು ಹಳೆಯ ಕಾಲದ ಭಯದಿಂದ. ನಾನು ಓದಿದವಳು, ಪುಟ ತೆರೆದು ನೋಡಬೇಕಾಗಿದ್ದವಳು ನಾನು.

ನಿಮಗೆ ಈ ನಡುವೆ ಜನ ಏನೇನೋ ಹೇಳುತ್ತಿರುತ್ತಾರೆ. ಹೆಣ್ಣು ಮಗು ಇರುವವರಿಗೆ ಇನ್ನೊಂದು ಹೆಣ್ಣನ್ನು ದತ್ತು ಕೊಡಲ್ಲ ಅಂತ ನಮಗೆ ನಾಲ್ಕು ಜನ ಹೇಳಿದ್ದರು. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಹಾಗಿದೆ, ನಿಜ. ಆದರೆ ಕಾರಾ ಮೂಲಕ ಆಗುವುದು ಬಾಲನ್ಯಾಯ ಕಾಯ್ದೆಯಡಿ, ಅದರಲ್ಲಿ ಈ ಅಡ್ಡಿ ಇಲ್ಲ. ಇನ್ನೊಬ್ಬ ಪರಿಚಯದವರು "ಆಸ್ಪತ್ರೆಯಿಂದ ನೇರವಾಗಿ ಕೊಡಿಸ್ತೀನಿ, ಇಷ್ಟು ಕೊಟ್ಟರೆ ಸಾಕು" ಅಂದರು. ಅದು ಮಗುವನ್ನು ಮಾರುವುದು, ಕೊಳ್ಳುವುದು. ಐದು ವರ್ಷದವರೆಗೆ ಜೈಲು ಇದೆ. ಜೈಲಿಗಿಂತ ಮುಖ್ಯವಾಗಿ, ಆ ಮಗು ದೊಡ್ಡದಾಗಿ ನಾನು ಎಲ್ಲಿಂದ ಬಂದೆ ಅಂತ ಕೇಳಿದಾಗ ಏನು ಹೇಳುತ್ತೀರಿ? ಅಂಥವರ ಫೋನ್ ಎತ್ತಬೇಡಿ.

ಇನ್ನು, ದೊಡ್ಡ ಪುಣ್ಯದ ಕೆಲಸ ಮಾಡ್ತಿದ್ದೀರಿ ಅಂತ ಯಾರಾದರೂ ಅಂದರೆ ಮಗಳ ಎದುರಿಗೇ "ಪುಣ್ಯ ಏನಿಲ್ಲ, ನಮಗೆ ಮಗು ಬೇಕು" ಅಂತ ಹೇಳಿ. ಅವಳ ಕಿವಿಗೆ ಅದು ಬೀಳಬೇಕು. ಬರುವ ಮಗು ದಾನ ಅಲ್ಲ.

2022ರ ಫೆಬ್ರವರಿಯಲ್ಲಿ ಮತ್ತೆ ಎಸ್ಸೆಮ್ಮೆಸ್ ಬಂತು. ನಾನು ಬಸ್ಸಿನಲ್ಲಿದ್ದೆ. ನಿಂತುಕೊಂಡೇ, ಒಂದು ಕೈಯಲ್ಲಿ ಕಂಬಿ ಹಿಡಿದು, ಕಾಯ್ದಿರಿಸಿದೆ. ಆಮೇಲೆ ಗಂಡನಿಗೆ ಫೋನ್ ಮಾಡಿದೆ. ಹೆಣ್ಣು ಮಗು, ಇಪ್ಪತ್ತೆರಡು ತಿಂಗಳು. ಡಾಕ್ಟರಿಗೆ ವರದಿ ತೋರಿಸಿದೆವು, ಉತ್ತರ ಕರ್ನಾಟಕದ ಆ ಊರಿಗೆ ರಾತ್ರಿ ರೈಲಿನಲ್ಲಿ ಹೋದೆವು. ಈ ಸಲ ಮಗಳಿಗೆ ಫೋಟೋ ತೋರಿಸಿದ್ದು ಸಹಿ ಆದ ಮೇಲೆ. ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. "ತಮ್ಮ" ಅಂತ ನಾನೇ ಅವಳ ತಲೆಯಲ್ಲಿ ತುಂಬಿದ್ದೆ, ಈಗ ತಂಗಿ ಅಂದಾಗ ಒಂದು ಗಂಟೆ ಮುಖ ಊದಿಸಿಕೊಂಡು ಕೂತಳು. ನೀವು ಈಗಿನಿಂದಲೇ "ಪಾಪು" ಅನ್ನಿ.

ಮೊದಲ ರಾತ್ರಿ ಚಿಕ್ಕವಳು ಮಂಚ ಹತ್ತಲಿಲ್ಲ. ಬಾಗಿಲ ಹತ್ತಿರ, ಬರಿ ನೆಲದ ಮೇಲೆ, ತನ್ನ ಚಪ್ಪಲಿ ಹಿಡಿದುಕೊಂಡು ಮಲಗಿದಳು. ಎತ್ತಿಕೊಳ್ಳಲು ಹೋದರೆ ಮೈ ಬಿಗಿ ಮಾಡುತ್ತಿದ್ದಳು. ನಾನು ಏನು ಮಾಡಬೇಕು ಅಂತ ತಿಳಿಯದೆ ನಿಂತಿದ್ದೆ. ದೊಡ್ಡವಳು ಚಾಪೆ ತಂದು ಒಂದು ಮೊಳ ದೂರದಲ್ಲಿ ಹಾಸಿದಳು, ತನ್ನ ಚಪ್ಪಲಿಯನ್ನೂ ತಂದು ಎದೆಗಿಟ್ಟುಕೊಂಡು ಮಲಗಿದಳು. ಹನ್ನೊಂದು ರಾತ್ರಿ ನಾವು ನಾಲ್ವರೂ ಬಾಗಿಲ ಹತ್ತಿರವೇ ಮಲಗಿದೆವು.

ನಮ್ಮ ದತ್ತು ಆದೇಶ ಕೋರ್ಟಿನಲ್ಲಿ ಆಯಿತು, 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಗಳೇ ಕೊಡುತ್ತಾರೆ. ನೀವು ಅರ್ಜಿ ಹಾಕಿ ಮೂರು ವರ್ಷ ಆಗುತ್ತಾ ಬಂತು ಅಂದಿದ್ದೀರಿ. ಸಮಾಜ ಕಾರ್ಯಕರ್ತೆ ಮನೆ ನೋಡಿ ಬರೆಯುವ ವರದಿ ಇದೆಯಲ್ಲ, ಮನೆ ಅಧ್ಯಯನ ವರದಿ, ಅದರ ಅವಧಿ ಮೂರು ವರ್ಷ. ಮುಗಿಯುವ ಮೊದಲೇ ನವೀಕರಿಸಿ. ಪೋರ್ಟಲ್‌ನಲ್ಲಿರುವ ಫೋನ್ ನಂಬರ್ ಈಗಲೂ ನಿಮ್ಮ ಕೈಯಲ್ಲಿದೆಯಾ ಅಂತ ಇವತ್ತು ರಾತ್ರಿಯೇ ನೋಡಿ, ಪಾಸ್‌ವರ್ಡ್ ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಲಿ. ಆಮೇಲೆ ಈ ಭಾನುವಾರ ಮಗಳನ್ನು ಒಬ್ಬಳನ್ನೇ ಎಲ್ಲಿಗಾದರೂ ಕರೆದುಕೊಂಡು ಹೋಗಿ, ಕೆರೆ ಏರಿಗೋ, ಅಜ್ಜಿ ಮನೆಗೋ. ಅಲ್ಲಿ ಪಾಪುವಿನ ಮಾತು ಎತ್ತಬೇಡಿ. ಅವಳಿಗೆ ಈಗ ಏಳು ತುಂಬುತ್ತಾ ಬಂತು.