ಐವರೇ ಉಳಿದ ಲೋಕ

ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ತೆಗೆದ, ಜನ ಮರೆತುಬಿಟ್ಟ ವೈಜ್ಞಾನಿಕ ಕಥಾಚಿತ್ರ ಒಂದನ್ನು ಹೇಳುವಿರಾ? ಗೆಳೆಯರ ಜೊತೆ ನೋಡಬೇಕು.
– ಓದುಗರೊಬ್ಬರು, ಮಣಿಪಾಲ

ಉತ್ತರ: 1951ರ ಕಪ್ಪು-ಬಿಳುಪು ಚಿತ್ರ ‘ಫೈವ್’ ನೋಡಿ. ಅಣುಯುದ್ಧದ ನಂತರ ಬದುಕುಳಿದ ಐವರ ಕಥೆ. ಒಬ್ಬಳು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿದ್ದಳು, ಇಬ್ಬರು ಬ್ಯಾಂಕಿನ ಭದ್ರ ಕೊಠಡಿಯಲ್ಲಿ ಸಿಕ್ಕಿಬಿದ್ದಿದ್ದರು. ಉಳಿದದ್ದೇ ಹಾಗೆ.

ನಿರ್ದೇಶಕ ಆರ್ಚ್ ಓಬೋಲರ್ ರೇಡಿಯೋ ನಾಟಕಗಳಿಂದ ಬಂದವರು. ಹಣವಿರಲಿಲ್ಲ, ಕ್ಯಾಲಿಫೋರ್ನಿಯಾದ ಗುಡ್ಡದ ಮೇಲಿನ ತಮ್ಮದೇ ಮನೆಯಲ್ಲಿ, ಆಗಷ್ಟೇ ಸಿನಿಮಾ ಓದಿ ಮುಗಿಸಿದ ಹುಡುಗರನ್ನು ಕಟ್ಟಿಕೊಂಡು ಚಿತ್ರೀಕರಿಸಿದರು. ಆ ಮನೆಯನ್ನು ವಿನ್ಯಾಸ ಮಾಡಿದವರು ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಎಂಬುದು ಬೇರೆ ಮಾತು.

ಮಾತು ಕೆಲವೆಡೆ ಭಾಷಣವಾಗುತ್ತದೆ, ನಿಜ. ಆದರೆ ಆ ಐವರಲ್ಲಿ ಮೈಕಲ್ ಮತ್ತು ಕಪ್ಪು ವರ್ಣದ ಚಾರ್ಲ್ಸ್ ಸೇರಿ ಬೆಳೆಸಿದ ಬೆಳೆಯ ಮೇಲೆ ಇನ್ನೊಬ್ಬನಾದ ಎರಿಕ್ ಬೇಕೆಂದೇ ಗಾಡಿ ಓಡಿಸುವ ದೃಶ್ಯವಿದೆಯಲ್ಲ, ಅದು ನನ್ನನ್ನು ಬಿಟ್ಟಿಲ್ಲ. ಬ್ರಹ್ಮಾವರದ ನಮ್ಮ ಗದ್ದೆಗೆ ನೇಜಿ ನೆಟ್ಟ ಮರುದಿನವೇ ದನ ನುಗ್ಗಿದ್ದವು. ಅಮ್ಮ ಮಳೆಯಲ್ಲೇ ಹುಣಿಯ ಮೇಲೆ ಕುಳಿತುಬಿಟ್ಟಿದ್ದರು, ಕೈಯ ಕೆಸರನ್ನೂ ತೊಳೆಯದೆ. ಅದು ದನ, ಇಲ್ಲಿ ಮನುಷ್ಯ, ಅದೂ ಲೋಕದಲ್ಲಿ ಬೆರಳೆಣಿಕೆಯ ಜನರಷ್ಟೇ ಇರುವಾಗ! ಎರಿಕ್‌ನಿಗೆ ಚಾರ್ಲ್ಸ್‌ನ ಬಣ್ಣ ಸಹಿಸಲಾಗುವುದಿಲ್ಲ. ಊರುಗಳ ಜನವೆಲ್ಲ ನಾಶವಾದರೂ ಆ ದ್ವೇಷ ನಾಶವಾಗಿಲ್ಲ ಎಂದು 1951ರಲ್ಲೇ ತೋರಿಸಲು ಧೈರ್ಯ ಬೇಕಿತ್ತು.

ಆಟಿಯ ಮಳೆಯ ರಾತ್ರಿ ನೋಡಿ. ಫ್ಯಾನ್ ನಿಲ್ಲಿಸಿ; ಇದರಲ್ಲಿ ಮೌನವನ್ನೂ ಕೇಳಿಸಿಕೊಳ್ಳಬೇಕು.